ನಲವತ್ತಮೂರನೆಯ ಫಾರಂ

ಸರ್ವಮಂಗಳಕ್ಕ,
ನಿಮ್ಮ ಥೀಸಿಸ್ಸಿಗೆಂದು ನಾವು ನೂರಿಪ್ಪತ್ತು ಜನ
ಡೆಮೊ ರೂಮಿನಲ್ಲಿ ಕೂತು ಟಿಕ್ ಹಾಕಿದೆವಲ್ಲ,
ಅದರಲ್ಲಿ ನಲವತ್ತಮೂರನೆಯದು ನನ್ನದು.
ದಯವಿಟ್ಟು ಲೆಕ್ಕಕ್ಕೆ ಹಿಡಿಯಬೇಡಿ.

ಕಾರಣ ಹೇಳುತ್ತೇನೆ.
ಆವತ್ತು ದುರ್ಗದ ಗಾಳಿ ಕಿಟಕಿ ಬಡಿದು ಬಡಿದು
ಹಾಳೆ ಹಾರಿಸುತ್ತಿತ್ತು.
ಕಿಡ್ನಿ ಟ್ರೇ ಒಂದನ್ನು ಅದರ ಮೇಲೆ ಹೇರಿ ಓದಿದೆ:
‘ನಾನು ನೋಡಲು ಚೆನ್ನಾಗಿದ್ದೇನೆ.’
ಪಕ್ಕದಲ್ಲಿ ಐದು ಚೌಕ.
ಚಾದರದ ಮೂಲೆ ನಲವತ್ತೈದು ಡಿಗ್ರಿಗೆ ಮಡಿಸು ಅಂದರೆ
ಕಣ್ಣುಮುಚ್ಚಿ ಮಡಿಸುತ್ತೇನೆ;
ಇದನ್ನು ಯಾವ ಮೂಲೆಗೆ ಮಡಿಸಲಿ?

‘ನನ್ನ ಹೆಸರು ನನಗೆ ಇಷ್ಟ.’
ಇಲ್ಲಿ ನಿಂತೆ.
ಚಳ್ಳಕೆರೆ ಆಚೆ ನಮ್ಮ ಹಟ್ಟಿಯಲ್ಲಿ ಓಬಮ್ಮಾ ಎಂದು ಕೂಗಿದರೆ
ನಾಲ್ಕು ಬಾಗಿಲಿಂದ ನಾಲ್ಕು ಜನ ಈಚೆ ಬರುತ್ತೇವೆ.
ಹಾಸ್ಟೆಲ್ಲಿನ ಮೊದಲ ವಾರವೇ ಯಾರೋ
‘ಒನಕೆ ಎಲ್ಲಿ ಬಿಟ್ಟು ಬಂದೆ’ ಅಂದರು.
ಆಮೇಲೆ ಓಬಿ ಆದೆ.
ಹೆರಿಗೆ ವಾರ್ಡಿಗೂ ನಾವು ಓಬಿ ಅಂತೀವಲ್ಲ,
ಸಿಸ್ಟರ್ ಫೋನಿನಲ್ಲಿ ‘ಓಬಿ ಪೂರ್ತಿ ಖಾಲಿ’ ಎಂದಾಗಲೆಲ್ಲ
ತಿರುಗಿ ನೋಡುತ್ತೇನೆ.

‘ನಾನು ಬುದ್ಧಿವಂತೆ.’
ಅನಾಟಮಿಯಲ್ಲಿ ನಲವತ್ತೆಂಟು. ಐವತ್ತು ಬೇಕಿತ್ತು.
ಆ ಎರಡು ಎಲ್ಲಿ ಹೋದವು ಎಂದು ನನಗೆ ಗೊತ್ತು.
ವೈವಾದಲ್ಲಿ ಮೂಳೆ ಕೈಗಿಟ್ಟರು,
ಎಡಗಡೆಯದು, ಹಿಡಿದ ಕೂಡಲೇ ತಿಳಿಯಿತು.
ಇಂಗ್ಲಿಷಿನ ಹೆಸರೂ ಬರುತ್ತಿತ್ತು,
ಬಂದು ಹೊಸ ಸೊಸೆಯ ಹಾಗೆ
ಹೊಸ್ತಿಲಲ್ಲೇ ನಿಂತುಬಿಟ್ಟಿತು.
ಎಕ್ಸಾಮಿನರ್ ಗಡಿಯಾರ ನೋಡಿದರು.

ಹಾಗಾಗಿ, ಅಕ್ಕ, ಪಕ್ಕಕ್ಕೆ ನೋಡಿದೆ.
ಪಕ್ಕದಲ್ಲಿ ಹಿರಿಯೂರಿನ ಜೆಸಿಂತಾ,
ಎಂಬತ್ತೊಂದು ಪರ್ಸೆಂಟಿನವಳು.
ಅವಳ ಪೆನ್ನು ಎಲ್ಲಿ ನಿಂತಿತೋ ನನ್ನದೂ ಅಲ್ಲಿ.
ನನ್ನ ಬಗ್ಗೆ ನನಗೇನು ಅನ್ನಿಸುತ್ತದೆ ಅನ್ನೋದನ್ನೂ
ಇನ್ನೊಬ್ಬಳದು ನೋಡಿ ಬರೆದೆ.

ನಿನ್ನೆ ನಮ್ಮಿಬ್ಬರಿಗೂ ನೈಟ್ ಡ್ಯೂಟಿ.
ಎರಡೂವರೆ ಗಂಟೆಗೆ ಡ್ರಿಪ್ಪಿನ ಹನಿ ಎಣಿಸುತ್ತಿದ್ದವಳು
ಎಣಿಕೆ ಬಿಟ್ಟು,
‘ಲೇ ಓಬಿ, ಆ ಫಾರಂ ನಾನು ನಿನ್ನದು ನೋಡಿ ತುಂಬಿದ್ದು ಕಣೇ’ ಅಂದಳು.
‘ಸೂಜಿ ಚುಚ್ಚುವಾಗಲೂ ಅದೇ ಮುಖ,
ಬೈಸಿಕೊಳ್ಳುವಾಗಲೂ ಅದೇ ಮುಖ,
ನಿನಗೆ ಗೊತ್ತಿರುತ್ತೆ ಅಂದ್ಕೊಂಡೆ.
ನನಗೆ ಪುಸ್ತಕ ಮುಚ್ಚಿದರೆ ನಾನು ಯಾರೋ.’

ನಗಬೇಕೋ ಏನೋ ತಿಳಿಯದೆ
ಹದಿಮೂರನೇ ಬೆಡ್ಡಿನ ಅಜ್ಜನ ಬಿಪಿ ನೋಡಿದೆ.
ನೋಡಬೇಕಾದ ಹೊತ್ತಲ್ಲ ಅದು.
ನೂರಿಪ್ಪತ್ತೆಂಟು, ಎಂಬತ್ತು.
ಅಜ್ಜ ಎದ್ದು ಚೆನ್ನಾಗಿ ಬೈದ.

ಈಗ ಹೇಳಿ,
ಅವಳು ನನ್ನ ನೋಡಿ, ನಾನು ಅವಳ ನೋಡಿ
‘ಸಂಪೂರ್ಣ ಒಪ್ಪುತ್ತೇನೆ’ ಎಂದದ್ದು ಯಾರನ್ನು?
ನಿಮ್ಮ ಗ್ರಾಫಿನಲ್ಲಿ ಒಂದೇ ಎತ್ತರಕ್ಕೆ ಎರಡು ಚುಕ್ಕೆ,
ಒಂದು ಎಂಬತ್ತೊಂದರ ನೆತ್ತಿಗೆ, ಒಂದು ನಲವತ್ತೆಂಟರ ನೆತ್ತಿಗೆ.
ಗೈಡ್ ಕೇಳಿದರೆ ಏನನ್ನುತ್ತೀರೋ, ಪಾಪ.

ಇಪ್ಪತ್ತೆರಡನೆಯದು ಮಾತ್ರ ನಕಲಲ್ಲ.
‘ಬೇರೆಯವರ ನೋವು ನೋಡಿ ನಾನು ಕದಡುವುದಿಲ್ಲ.’
ಅವಳು ಒಪ್ಪಿದ್ದಳು.
ನಾನು ಪೆನ್ನಿನ ಕ್ಯಾಪು ಹಾಕಿ, ತೆಗೆದು,
ಖಾಲಿ ಬಿಟ್ಟೆ.
ನಿಮಗದು ಮರೆವು ಅನ್ನಿಸಿರಬಹುದು.

ಮರುಪರೀಕ್ಷೆ ಜನವರಿಗೆ.
ದಿನಾ ಬೆಳಿಗ್ಗೆ ಬಕೆಟ್ ತುಂಬುವಷ್ಟು ಹೊತ್ತು
ಎಲ್ಲ ಮೂಳೆಗಳ ಹೆಸರನ್ನು ನಲ್ಲಿಗೆ ಹೇಳುತ್ತೇನೆ, ಜೋರಾಗಿ.
ಕ್ಯೂನಲ್ಲಿರುವವರು ನಗುತ್ತಾರೆ,
ಒಬ್ಬಿಬ್ಬರಿಗೆ ಬಾಯಿಪಾಠವೂ ಆಗಿದೆ.

ಹೆಸರು ಬರೆಯಬಾರದು ಎಂದು
ಫಾರಮ್ಮಿನ ತಲೆಯಲ್ಲೇ ಅಚ್ಚಾಗಿತ್ತು.
ಎಷ್ಟು ಹಗುರವಾಗಿತ್ತು ಆಗ!
ಈ ಹಾಳೆಗೆ ಆ ನಿಯಮ ಇಲ್ಲ ತಾನೇ?

ಟಿ. ಓಬಮ್ಮ,
ಎರಡನೇ ವರ್ಷ,
ಒಂದು ವಿಷಯ ಬಾಕಿ.